ರೆಕ್ಕೆ ಹಿಡಿಯೋ ಬೋಲ್ಟು ಎಲ್ಲಿ ಹುಟ್ಟಿದ್ದು?

(ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಬರಹದಲ್ಲಿ ಹಾಕಿ ಅಂತ ಹಲವರು ಕೇಳಿದ್ರಿ. ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೀನಿ. ಅಲ್ಲಲ್ಲಿ ತಡವರಿಸಿದ್ದು, ಮೈಕ್ ಕೈಕೊಟ್ಟಿದ್ದು ಇವಿಷ್ಟನ್ನ ಬಿಟ್ಟಿದ್ದೀನಿ.)

ಒಎಂಆರ್‌ನಲ್ಲಿ ಟ್ರಾಫಿಕ್ ಇಲ್ಲದ ಒಂದೇ ಒಂದು ಬೆಳಗ್ಗೆ ಭಾನುವಾರದ್ದು. ಅದನ್ನೂ ಬಿಟ್ಟು ಬಂದಿದ್ದೀರಿ. ಈ ವಾರ ಬೆಂಗಳೂರು ಬಸ್ ಹತ್ತದೆ ಇಲ್ಲೇ ಉಳಿದವರಿಗಂತೂ ವಿಶೇಷ ಥ್ಯಾಂಕ್ಸ್.

ನಾನು ಹದಿನಾಲ್ಕು ವರ್ಷದಿಂದ ಚೆನ್ನೈನಲ್ಲಿದ್ದೀನಿ. ಕೆಲಸ ನಿಮ್ಮ ಹಾಗೆಯೇ, ಸಾಫ್ಟ್‌ವೇರ್ ಟೆಸ್ಟಿಂಗು. ಊರು ಅರಸೀಕೆರೆ ಹತ್ತಿರ. ಓದಿದ್ದು ಮೆಕ್ಯಾನಿಕಲ್, ಆದರೆ ಓದಿದ ಮೇಲೆ ಒಂದು ನಟ್ಟನ್ನೂ ತಿರುಗಿಸಿರಲಿಲ್ಲ. ನಾಲ್ಕು ವರ್ಷದ ಹಿಂದೆ ಶುರುವಾಯಿತು ನೋಡಿ. ತಿರುಪ್ಪೋರೂರ್ ದಾಟಿ ಒಂದು ತಗಡಿನ ಶೆಡ್ಡು ಇದೆ. ಅಲ್ಲಿ ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬರು, ಎರಡು ಸೀಟಿನ ಒಂದು ಪುಟ್ಟ ವಿಮಾನ ಕಟ್ಟುತ್ತಿದ್ದಾರೆ. ನಾನು ಅವರಿಗೆ ಶನಿವಾರದ ಕೂಲಿ. ಅವರು ತಮಿಳರು, ನನ್ನನ್ನ ‘ತಂಬಿ’ ಅಂತಾರೆ, ನಾನು ‘ಸಾರ್’ ಅಂತೀನಿ.

ಇವತ್ತು ವಿಮಾನ ಕಟ್ಟೋದು ಹೇಗೆ ಅಂತ ಹೇಳಲ್ಲ. ಅದು ಹತ್ತು ಟಾಕ್ ಆಗತ್ತೆ. ರೆಕ್ಕೆಯನ್ನ ಮೈಗೆ ಹಿಡಿದಿಡೋ ಬೋಲ್ಟು ಆರಿಸೋದು ಹೇಗೆ, ಅಷ್ಟೇ ವಿಷಯ. ಈ ಒಂದು ಬೋಲ್ಟಿನ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ಎರಡನ್ನೂ ಹೇಳ್ತೀನಿ.

ತೀವುತ್ತಿಡಲ್‌ನ ವಿಮಾನ

ಮೊದಲು ನಾವು ಕೂತಿರೋ ಊರಿನ ಒಂದು ಕತೆ. ಸೆಂಟ್ರಲ್ ಸ್ಟೇಷನ್ನಿಂದ ಮರೀನಾ ಕಡೆ ಬರುವಾಗ ಐಲ್ಯಾಂಡ್ ಗ್ರೌಂಡ್ಸ್ ಸಿಗತ್ತಲ್ಲ, ತಮಿಳಿನಲ್ಲಿ ತೀವುತ್ತಿಡಲ್ ಅಂತಾರೆ. ಪೊಂಗಲ್ ಹೊತ್ತಿಗೆ ಪ್ರದರ್ಶನ ನಡೆಯತ್ತೆ, ನೀವೂ ಮಕ್ಕಳನ್ನ ಕರ್ಕೊಂಡು ಹೋಗಿ ದೆಹಲಿ ಅಪ್ಪಳ ತಿನ್ನಿಸಿರ್ತೀರಿ. ಅದೇ ಮೈದಾನದಲ್ಲಿ 1910ರ ಮಾರ್ಚ್‌ನಲ್ಲಿ ಮದ್ರಾಸಿನ ಜನ ಒಂದು ವಿಮಾನ ಏಳೋದನ್ನ ನೋಡಿದರು. ಅದನ್ನ ಮಾಡಿಸಿದವನು ಜಾಕೊಮೊ ಡಿ’ಏಂಜೆಲಿಸ್. ಇಂಜಿನಿಯರ್ ಅಲ್ಲ, ಸೈನ್ಯದವನಲ್ಲ. ಮೌಂಟ್ ರೋಡಿನಲ್ಲಿ, ಅಂದರೆ ಇವತ್ತಿನ ಅಣ್ಣಾ ಸಾಲೈನಲ್ಲಿ, ಹೋಟೆಲ್ ನಡೆಸುತ್ತಿದ್ದ ಯುರೋಪಿನವನು, ಸಿಹಿತಿಂಡಿಗೆ ಹೆಸರಾದವನು. 1909ರ ಜುಲೈನಲ್ಲಿ ಬ್ಲೇರಿಯೊ ಇಂಗ್ಲಿಷ್ ಕಾಲುವೆ ಹಾರಿ ದಾಟಿದ್ದ. ಆ ಸುದ್ದಿ ಬಂದು ಒಂದು ವರ್ಷ ಕೂಡ ಆಗಿರಲಿಲ್ಲ, ಇವನು ತಾನೇ ವಿನ್ಯಾಸ ಹಾಕಿ, ಕುದುರೆ ಗಾಡಿ ಕಟ್ಟುವುದರಲ್ಲಿ ಹೆಸರಾಗಿದ್ದ ಇದೇ ಊರಿನ ಸಿಂಪ್ಸನ್ ಕಂಪನಿಯಲ್ಲಿ ವಿಮಾನ ಕಟ್ಟಿಸಿಬಿಟ್ಟ.

ಈ ಕತೆ ಯಾಕೆ ಹೇಳಿದೆ ಅಂದರೆ, ಮನೆಯಲ್ಲಿ ವಿಮಾನ ಕಟ್ಟೋ ಹುಚ್ಚು ಅಮೆರಿಕದಿಂದ ಬಂದಿದ್ದು ಅಂತ ನಾನೂ ಅಂದ್ಕೊಂಡಿದ್ದೆ. ಇಲ್ಲ, ನಾವು ಓಡಾಡೋ ರಸ್ತೆಯಲ್ಲೇ ಒಬ್ಬ ಹೋಟೆಲಿನವನು ನೂರು ವರ್ಷಕ್ಕೂ ಹಿಂದೆ ಮಾಡಿದ್ದ. ಆ ಕಾಲದ ಬ್ಲೇರಿಯೊ ಮಾದರಿಯ ವಿಮಾನಗಳ ರೆಕ್ಕೆಯನ್ನ ಮೇಲಿಂದ ಕೆಳಗಿಂದ ತಂತಿ ಬಿಗಿದು ಹಿಡಿದಿರುತ್ತಿದ್ದರು. ಯಾವ ತಂತಿ, ಯಾವ ಕೊಂಡಿ, ತುಂಡಾದರೆ ಏನು ಗತಿ? ಇವತ್ತಿಗೂ ನಮ್ಮ ಶೆಡ್ಡಿನಲ್ಲಿ ಅದೇ ಪ್ರಶ್ನೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ಇವತ್ತು ಭಾರತದಲ್ಲಿ ಡಿಜಿಸಿಎ ನೋಂದಣಿ, ಹಾರಾಟದ ಅನುಮತಿ ಇಲ್ಲದೆ ನೆಲ ಬಿಡೋ ಹಾಗಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಮನೆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ವರ್ಷಗಟ್ಟಲೆ ಅಲೆದು, 2017ರ ನವೆಂಬರ್‌ನಲ್ಲಿ ನೋಂದಣಿ ಪಡೆದರು. ದಾರಿ ಇದೆ, ಉದ್ದ ಇದೆ. ನಮ್ಮದು ಇನ್ನೂ ನೆಲದ ಮೇಲೇ ಇದೆ.

ಎಷ್ಟು ಭಾರ ಬೀಳತ್ತೆ?

ಬೋಲ್ಟು ಆರಿಸೋಕೆ ಮೊದಲು ಅದರ ಮೇಲೆ ಎಷ್ಟು ಭಾರ ಅಂತ ಗೊತ್ತಾಗಬೇಕು. ಲೆಕ್ಕ ಸುಲಭ ಮಾಡೋಕೆ ವಿಮಾನದ ಒಟ್ಟು ತೂಕ 600 ಕೆಜಿ ಅಂತ ಇಟ್ಕೊಳ್ಳಿ.

ನೆಟ್ಟಗೆ ಹಾರುವಾಗ ಎರಡು ರೆಕ್ಕೆ ಸೇರಿ 600 ಕೆಜಿ ಎತ್ತಿದರೆ ಸಾಕು. ಆದರೆ ಗಾಳಿಯ ಹೊಡೆತಕ್ಕೆ ಸಿಕ್ಕಾಗ, ಜೋರಾಗಿ ತಿರುಗಿದಾಗ, ಡೈವ್‌ನಿಂದ ಎಳೆದಾಗ ಅದು ಹಲವು ಪಟ್ಟು ಆಗತ್ತೆ. ಸಾಮಾನ್ಯ ಸಣ್ಣ ವಿಮಾನಗಳ ವಿನ್ಯಾಸಕ್ಕೆ 3.8 ಪಟ್ಟು ಅನ್ನೋದು ರೂಢಿಯ ಮಿತಿ. ಅಂದರೆ 2,280 ಕೆಜಿ. ಅದರ ಮೇಲೆ 1.5ರ ಸುರಕ್ಷಾ ಗುಣಕ ಸೇರಿಸಿದರೆ 3,420. ಒಂದೊಂದು ರೆಕ್ಕೆಗೆ 1,710 ಕೆಜಿ. ಒಂದು ದೊಡ್ಡ ಕಾರನ್ನ ಒಂದು ರೆಕ್ಕೆಯಿಂದ ನೇತು ಹಾಕಿದ ಹಾಗೆ.

ಈ ಎತ್ತುವ ಬಲವೆಲ್ಲ ರೆಕ್ಕೆಯ ಬುಡದಿಂದ 2 ಮೀಟರ್ ದೂರದಲ್ಲಿ ಕೂತಿದೆ ಅಂತ ತಿಳ್ಕೊಳ್ಳಿ. ಈಗ ಎರಡು ಥರದ ವಿಮಾನ ನೋಡೋಣ.

ಮೊದಲನೆಯದು, ರೆಕ್ಕೆಗೆ ಹೊರಗಡೆ ಯಾವ ಆಸರೆಯೂ ಇಲ್ಲ. ರೆಕ್ಕೆಯ ತೊಲೆ, ಅಂದರೆ ಸ್ಪಾರ್, ನೇರವಾಗಿ ಮೈಗೆ ಸೇರತ್ತೆ. ಮೇಲೊಂದು ಪಿನ್ನು, ಕೆಳಗೊಂದು ಪಿನ್ನು, ನಡುವೆ 15 ಸೆಂಟಿಮೀಟರ್ ಅಂತರ. ಹೊರಗಿನ 2 ಮೀಟರಿನ ಸನ್ನೆಗೋಲನ್ನ ಒಳಗಿನ 15 ಸೆಂಟಿಮೀಟರು ತಡೀಬೇಕು. 1,710ನ್ನ 2ರಿಂದ ಗುಣಿಸಿ, 0.15ರಿಂದ ಭಾಗಿಸಿ. ಒಂದೊಂದು ಪಿನ್ನಿನ ಕಡೆ 22,800 ಕೆಜಿ! ರೆಕ್ಕೆ ಎತ್ತಿದ್ದು ಒಂದು ಕಾರು, ಪಿನ್ನಿಗೆ ಬಿದ್ದಿದ್ದು ಲೋಡ್ ತುಂಬಿದ ಲಾರಿ.

ಎರಡನೆಯದು, ನಮ್ಮ ಶೆಡ್ಡಿನ ಥರದ್ದು. ರೆಕ್ಕೆ ತಲೆ ಮೇಲೆ, ಅದರಿಂದ ಮೈಯ ಕೆಳಭಾಗಕ್ಕೆ ಓರೆಯಾಗಿ ಒಂದು ಕೊಳವೆ. ಇದೇ ಸ್ಟ್ರಟ್. ನಿಂತಿದ್ದಾಗ ನೋಡಿದರೆ ಚಪ್ಪರದ ಓರೆಗಂಬದ ಹಾಗೆ ರೆಕ್ಕೆಯನ್ನ ಹೊತ್ತಿದೆ ಅನ್ನಿಸತ್ತೆ. ಹಾರುವಾಗ ಉಲ್ಟಾ, ಅದು ರೆಕ್ಕೆ ಮೇಲೆ ಮಡಚಿಕೊಳ್ಳದ ಹಾಗೆ ಕೆಳಗೆ ಎಳೆದು ಹಿಡಿಯೋ ಹಗ್ಗ. ಬುಡದಿಂದ 2.2 ಮೀಟರ್ ದೂರದಲ್ಲಿ ರೆಕ್ಕೆಗೆ ಸೇರಿ, 1.2 ಮೀಟರ್ ಕೆಳಗೆ ಮೈಗೆ ಸೇರಿದರೆ, ಅದರಲ್ಲಿ ಬರೋ ಎಳೆತ ಸುಮಾರು 3,250 ಕೆಜಿ.

22,800 ಎಲ್ಲಿ, 3,250 ಎಲ್ಲಿ! ಅದೇ ತೂಕ, ಅದೇ ಗಾಳಿ. ಸ್ಟ್ರಟ್ ಇರೋ ವಿಮಾನ ಗಾಳಿಯಲ್ಲಿ ಸ್ವಲ್ಪ ನಿಧಾನ, ನೋಡೋಕೆ ಹಳೇ ಕಾಲದ್ದು. ಆದರೆ ಮನೆಯಲ್ಲಿ ಕಟ್ಟೋವರಿಗೆ ಕೀಲಿನ ಮೇಲಿನ ಹೊರೆ ಏಳನೇ ಒಂದು ಭಾಗಕ್ಕೆ ಇಳಿಯತ್ತೆ. ಅಂದರೆ ಬೋಲ್ಟಿನ ಆಯ್ಕೆ ಅಂಗಡಿಯಲ್ಲಿ ಶುರುವಾಗಲ್ಲ, ನಕ್ಷೆ ಆರಿಸಿದ ದಿನವೇ ಅರ್ಧ ಮುಗಿದಿರತ್ತೆ.

(ಇದು ವಿಷಯ ಅರ್ಥ ಆಗೋಕೆ ಮಾಡಿದ ಒರಟು ಲೆಕ್ಕ. ರೆಕ್ಕೆಯ ಸ್ವಂತ ತೂಕ ಕಳೆದಿಲ್ಲ, ಹಿಂದಿನ ತೊಲೆಯ ಪಾಲು ಸೇರಿಸಿಲ್ಲ. ದಯವಿಟ್ಟು ಈ ಅಂಕಿ ಇಟ್ಕೊಂಡು ಯಾರೂ ವಿಮಾನ ಕಟ್ಟಬೇಡಿ. ನಿಮ್ಮ ನಕ್ಷೆ ಏನು ಹೇಳತ್ತೋ ಅದೇ ಪ್ರಮಾಣ.)

ಬೋಲ್ಟಿನ ತಲೆ ಓದೋದು

ವಿಮಾನದ ಬೋಲ್ಟುಗಳಲ್ಲಿ ಹಳೇ, ಸಾಮಾನ್ಯ ಮಾದರಿ ಎಎನ್ ಸರಣಿ. ಹೆಸರು ಓದೋದು ಸುಲಭ. ಎಎನ್ ಆದಮೇಲಿನ ಅಂಕಿ ಅಂದರೆ ಇಂಚಿನ ಹದಿನಾರನೇ ಭಾಗದಲ್ಲಿ ದಪ್ಪ. ಎಎನ್4 ಅಂದರೆ ಕಾಲು ಇಂಚು, ಎಎನ್5 ಅಂದರೆ 5/16, ಎಎನ್6 ಅಂದರೆ 3/8 ಇಂಚು. ಆಮೇಲಿನ ಅಂಕಿ ಉದ್ದ. ಕೊನೆಯಲ್ಲಿ ‘ಎ’ ಇದ್ದರೆ ಸ್ಪ್ಲಿಟ್ ಪಿನ್ನಿಗೆ ತೂತು ಇಲ್ಲ, ಇಲ್ಲದಿದ್ದರೆ ತೂತು ಇದೆ. ತಲೆಯ ಮೇಲೆ ಗುಣಿಸು ಗುರುತಿನ ಥರ ಅಥವಾ ನಕ್ಷತ್ರದ ಥರ ಒಂದು ಚಿಹ್ನೆ ಇರತ್ತೆ.

ಈಗ ನನಗೆ ಆಶ್ಚರ್ಯ ಆದ ವಿಷಯ. ಈ ಬೋಲ್ಟಿನ ಎಳೆತದ ಬಲ ಚದರ ಇಂಚಿಗೆ 1,25,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 860 ಮೆಗಾಪಾಸ್ಕಲ್. ನಮ್ಮೂರಿನ ಅಂಗಡಿಯಲ್ಲಿ ಸಿಗೋ 8.8 ಅನ್ನೋ ಬೋಲ್ಟು 800, ಅದರ ಮೇಲಿನ 10.9 ಸಾವಿರಕ್ಕಿಂತ ಹೆಚ್ಚು. ಅಂದರೆ ಲಾರಿಗೆ ಹಾಕೋ 10.9 ಬೋಲ್ಟು ವಿಮಾನದ ಬೋಲ್ಟಿಗಿಂತ ಗಟ್ಟಿ!

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊರಗಿಂದ ತರಿಸಿದರೆ ಬೋಲ್ಟಿಗಿಂತ ಕೊರಿಯರ್ ಖರ್ಚು ಜಾಸ್ತಿ, ಕಸ್ಟಮ್ಸ್ ಕಾಯೋದು ಬೇರೆ. ಇಲ್ಲಿ ಪ್ಯಾರಿಸ್ ಕಾರ್ನರ್ ಹಿಂದಿನ ಗಲ್ಲಿಗಳಲ್ಲಿ ಕೇಳಿದ ಸೈಜು ಕೈಗೆ ಕೊಡ್ತಾರೆ. ಗಟ್ಟಿ ಇದೆ, ಅಗ್ಗ ಇದೆ, ಇವತ್ತೇ ಸಿಗತ್ತೆ. ಇದಕ್ಕಿಂತ ಇನ್ನೇನು ಬೇಕು?

ಮೊದಲ ತಪ್ಪು

ಶನಿವಾರ ಒಂದು ಡಬ್ಬ ತಗೊಂಡು ಶೆಡ್ಡಿಗೆ ಹೋದೆ. ಎಲ್ಲದರ ತಲೆ ಮೇಲೂ 10.9 ಅಂತ ಅಚ್ಚು. ಸಾರ್ ಒಂದನ್ನ ಎತ್ಕೊಂಡು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟು ಗಟ್ಟಿ ಅಂತ ಕೇಳಲಿಲ್ಲ. ‘ತಂಬಿ, ಇದು ಎಂಗ ಪೊರಂದದು?’ ಅಂದರು. ಇದು ಎಲ್ಲಿ ಹುಟ್ಟಿದ್ದು?

‘ಅಂಗಡೀಲಿ ಸಾರ್’ ಅಂದೆ.

‘ಅಂಗಡೀಲಿ ಯಾವುದೂ ಹುಟ್ಟಲ್ಲ’ ಅಂದರು.

ನಮ್ಮ ತಾತ ಎತ್ತಿನ ಗಾಡಿಯಲ್ಲಿ ಕೊಬ್ಬರಿ ಹೇರ್ಕೊಂಡು ತಿಪಟೂರು ಸಂತೆಗೆ ಹೋಗ್ತಿದ್ದರಂತೆ. ಅಚ್ಚಿನ ತುದಿಯಲ್ಲಿ ಚಕ್ರ ಕಳಚಿಕೊಳ್ಳದ ಹಾಗೆ ಒಂದು ಕೀಲು ಇರತ್ತಲ್ಲ, ಕಡಾಣಿ, ಕೆಲವರು ಕಡೆಗೀಲು ಅಂತಾರೆ. ಗಾಡಿಯ ಬೇರೆ ಏನನ್ನಾದರೂ ಯಾರ ಹತ್ತಿರವಾದರೂ ಸಾಲ ತರ್ತಿದ್ದರು. ಕಡಾಣಿ ಮಾತ್ರ ನಮ್ಮೂರ ಕುಲುಮೆಯದ್ದೇ ಆಗಬೇಕು. ‘ಬಡಿದವನು ಯಾರು ಅಂತ ಗೊತ್ತಿಲ್ಲದ ಕಡಾಣಿ ಹಾಕಿ ಇಳಿಜಾರಿನಲ್ಲಿ ಗಾಡಿ ಬಿಡಬಾರದು’ ಅಂತಿದ್ದರು ಅಂತ ಅಪ್ಪ ಹೇಳ್ತಾರೆ. ಸಾರ್ ಕೇಳಿದ್ದು ಅದನ್ನೇ. ನಾನು ಇಂಜಿನಿಯರಿಂಗ್ ಓದಿ ಅದನ್ನ ಮರೆತಿದ್ದೆ.

ಆದರೂ ನನ್ನ ಹಟ. ನಾನು ಟೆಸ್ಟರ್ ಅಲ್ವಾ, ಟೆಸ್ಟ್ ಮಾಡಿಸಿ ತೋರಿಸ್ತೀನಿ ಅಂದೆ. ಗಿಂಡಿ, ಅಂಬತ್ತೂರು ಕಡೆ ಲೋಹ ಪರೀಕ್ಷೆ ಮಾಡೋ ಲ್ಯಾಬ್‌ಗಳಿವೆ. ಡಬ್ಬದಿಂದ ಹತ್ತು ಬೋಲ್ಟು ಕೊಟ್ಟು ಗಡಸುತನ ನೋಡಿ ಅಂದೆ. 10.9 ಅಂದಮೇಲೆ ರಾಕ್‌ವೆಲ್ ಸಿ ಅಳತೆಯಲ್ಲಿ 32ರಿಂದ 39ರ ಒಳಗೆ ಇರಬೇಕು. ಎಂಟು ಬೋಲ್ಟು 33ರಿಂದ 36ರ ಒಳಗೆ ಬಂತು, ಚೆನ್ನಾಗಿತ್ತು. ಒಂದು 24, ಇನ್ನೊಂದು 25.

ಅದೇ ಡಬ್ಬ, ಅದೇ ಅಚ್ಚು, ಅದೇ ಹೊಳಪು. ಹತ್ತರಲ್ಲಿ ಎರಡು ಬೇರೆ ಜಾತಿಯವು. ಅಂಗಡಿಯವನು ಮೋಸ ಮಾಡಿದ ಅಂತ ಹೇಳೋಕೂ ಆಗಲ್ಲ, ಅವನಿಗೂ ಗೊತ್ತಿರಲಿಕ್ಕಿಲ್ಲ. ಡಬ್ಬದಲ್ಲಿ ಉಳಿದ ನಲವತ್ತರಲ್ಲಿ ಎಷ್ಟು ಹೀಗಿವೆ? ಹೇಳೋಕೆ ಕಾಗದವೇ ಇಲ್ಲ. ನೀವು ಪ್ರೊಡಕ್ಷನ್‌ಗೆ ಒಂದು ಲೈಬ್ರರಿ ಹಾಕಿದೀರಿ, ಯಾರು ಬರೆದದ್ದು ಗೊತ್ತಿಲ್ಲ, ಆವೃತ್ತಿ ಯಾವುದು ಗೊತ್ತಿಲ್ಲ, ಹತ್ತು ಸಲಕ್ಕೆ ಎಂಟು ಸಲ ಓಡತ್ತೆ ಅಂದರೆ ರಿಲೀಸ್‌ಗೆ ಸಹಿ ಹಾಕ್ತೀರಾ? ಅಲ್ಲಿ ಬಿದ್ದರೆ ರೋಲ್‌ಬ್ಯಾಕ್ ಇದೆ.

ಇನ್ನೂ ಎರಡು ವಿಷಯ ಆಮೇಲೆ ಗೊತ್ತಾಯಿತು. ಎಎನ್5 ಬೋಲ್ಟಿನ ನಯವಾದ ಮೈ ಹೆಚ್ಚೆಂದರೆ 0.08 ಮಿಲಿಮೀಟರ್ ಹೆಚ್ಚುಕಮ್ಮಿ ಇರಬಹುದು. ಅಂಗಡಿಯ ಎಂ8 ಬೋಲ್ಟಿನ ಮೈ ನಿಯಮದ ಪ್ರಕಾರವೇ 7.78ರಿಂದ 8.00 ತನಕ ಇರಬಹುದು. ಅದು ತಪ್ಪಲ್ಲ, ಅದರ ಕೆಲಸಕ್ಕೆ ಅಷ್ಟು ಸಾಕು. ಆದರೆ ರೆಕ್ಕೆಯ ಕೀಲಿನಲ್ಲಿ ಆ ಸಡಿಲ ಅಂದರೆ ಪ್ರತಿ ಹೊಡೆತಕ್ಕೂ ಟಕ್ ಟಕ್ ಅಂತ ಬಡಿಯೋದು. ಎರಡನೆಯದು, ನಾನು ತಂದದ್ದು ತಲೆ ತನಕ ಮರೆ ಇರೋ ಬೋಲ್ಟು. ಕತ್ತರಿಸೋ ಬಲ ಬೀಳೋ ಜಾಗದಲ್ಲಿ ಮರೆ ಬಂದರೆ ಉಳಿಯೋದು 50 ಚದರ ಮಿ.ಮೀ. ಅಲ್ಲ, ಸುಮಾರು 37. ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ವಿಮಾನದ ಬೋಲ್ಟಿನಲ್ಲಿ ನಯವಾದ ಭಾಗದ ಉದ್ದವನ್ನ ‘ಗ್ರಿಪ್’ ಅಂತಾರೆ. ಅದು ತಗಡುಗಳ ಒಟ್ಟು ದಪ್ಪಕ್ಕೆ ಸರಿಯಾಗಿರಬೇಕು, ಚೂರು ಹೆಚ್ಚಾದರೆ ವಾಷರ್ ಹಾಕಿ ಸರಿಮಾಡಬೇಕು.

ಪಾರ್ಟ್‌ನೇರ್ 394

ಕಾಗದ ಇಲ್ಲದ ಬೋಲ್ಟು ಏನು ಮಾಡತ್ತೆ ಅನ್ನೋದಕ್ಕೆ ಒಂದು ನಿಜವಾದ ಘಟನೆ. 1989ರ ಸೆಪ್ಟೆಂಬರ್ 8. ನಾರ್ವೆಯ ಪಾರ್ಟ್‌ನೇರ್ ಕಂಪನಿಯ ಕಾನ್ವೇರ್ 580 ವಿಮಾನ ಓಸ್ಲೊದಿಂದ ಹ್ಯಾಂಬರ್ಗ್‌ಗೆ ಹೊರಟಿತ್ತು. ಡೆನ್ಮಾರ್ಕ್‌ನ ಉತ್ತರದ ಸಮುದ್ರದ ಮೇಲೆ ಆಕಾಶದಲ್ಲೇ ಒಡೆಯಿತು. ಒಳಗಿದ್ದ 55 ಜನವೂ ಹೋದರು. ಸಮುದ್ರದ ತಳದಿಂದ ಚೂರುಗಳನ್ನ ಎತ್ತಿ ಜೋಡಿಸಿ ನೋಡಿದಾಗ ಕಂಡಿದ್ದು: ಬಾಲದ ನಿಂತ ರೆಕ್ಕೆಯನ್ನ ಮೈಗೆ ಹಿಡಿದಿದ್ದ ಬೋಲ್ಟುಗಳಲ್ಲಿ ನಕಲಿ ಮಾಲಿತ್ತು. ಸರಿಯಾಗಿ ಹದ ಮಾಡದ ಉಕ್ಕು. ಅವು ಸವೆದು ಸಡಿಲವಾಗಿ, ಬಾಲ ಅದುರೋಕೆ ಶುರುವಾಗಿ, ಅದುರು ತಡೆಯಲಾರದ ಮಟ್ಟಕ್ಕೆ ಹೋಗಿತ್ತು.

ಆ ವಿಮಾನ ಮನೆಯಲ್ಲಿ ಕಟ್ಟಿದ್ದಲ್ಲ. ಪರವಾನಗಿ ಇದ್ದ ಕಂಪನಿಯ ವಿಮಾನ. ಅಲ್ಲೂ ‘ಇದು ಎಲ್ಲಿ ಹುಟ್ಟಿದ್ದು’ ಅನ್ನೋ ಪ್ರಶ್ನೆ ಎಲ್ಲೋ ತಪ್ಪಿಹೋಗಿತ್ತು.

ಹಾಗಾಗಿ ನಾವು ಎಎನ್ ಬೋಲ್ಟನ್ನೇ ತರಿಸಿದೆವು, ತಯಾರಕರ ಪ್ರಮಾಣಪತ್ರ, ಬ್ಯಾಚ್ ಸಂಖ್ಯೆ ಸಮೇತ. ಅದು ಎಲ್ಲಕ್ಕಿಂತ ಗಟ್ಟಿ ಅಂತಲ್ಲ. ಎಷ್ಟು ಗಟ್ಟಿ ಅಂತ ಗೊತ್ತು, ಅದಕ್ಕೆ. ಜೊತೆಗೆ ಆ ಉಕ್ಕು ತೀರಾ ಗಡಸಲ್ಲ, ಮುರಿಯೋಕೆ ಮುಂಚೆ ಬಾಗತ್ತೆ. ತೀರಾ ಗಡಸು ಬೋಲ್ಟಿಗೆ ಸರಿಯಾಗಿ ಬೇಕ್ ಮಾಡದೆ ಸತುವಿನ ಲೇಪ ಹಾಕಿದರೆ ಒಳಗೆ ಹೈಡ್ರೋಜನ್ ಉಳಿದು, ಬಿಗಿದು ಕೆಲವು ದಿನ ಆದಮೇಲೆ ಮುನ್ಸೂಚನೆ ಇಲ್ಲದೆ ಸೀಳಬಹುದು.

ಲೆಕ್ಕಕ್ಕೆ ಬಂದರೆ, ಒಂದು ಎಎನ್5 ಒಂದು ಕಡೆ ಕತ್ತರಿಸೋಕೆ ಸುಮಾರು 2,600 ಕೆಜಿ ಬೇಕು. ಎರಡು ಕಿವಿಗಳ ನಡುವೆ ಒಂದು ನಾಲಿಗೆ ಇಟ್ಟು ಬೋಲ್ಟು ಹಾಕಿದರೆ ಅದು ಎರಡು ಕಡೆ ತುಂಡಾಗಬೇಕು, ಹಾಗಾಗಿ 5,200. ನಮಗೆ ಬೇಕಾದ್ದು 3,250. ಕೀಲಿನ ಜಾಗಕ್ಕೆ ಅಂತ ಇನ್ನೂ 15 ಶೇಕಡ ಸೇರಿಸೋದು ರೂಢಿ, ಆಗ ಸುಮಾರು 3,740. ನಮ್ಮ ನಕ್ಷೆಯೂ 5/16 ಅಂತಲೇ ಹೇಳಿತ್ತು. ಸರಿಹೋಯಿತು. ಆಸರೆ ಇಲ್ಲದ ಆ ಮೊದಲ ಥರದ ರೆಕ್ಕೆಗಾದರೆ ಇದಕ್ಕಿಂತ ದಪ್ಪದ ಎಎನ್6 ಹಾಕಿದರೂ ಒಂದೊಂದು ಕಡೆ ನಾಲ್ಕು ಬೇಕಾಗ್ತಿತ್ತು.

ಎರಡನೇ ತಪ್ಪು

ಬೋಲ್ಟು ಬಂತು. ಇನ್ನು ತೂತು. ರೆಕ್ಕೆಯ ತೊಲೆಗೆ ಸ್ಟ್ರಟ್ ಸೇರೋ ಉಕ್ಕಿನ ಕಿವಿಗಳನ್ನ ಆರು ವಾರ ಕೂತು ಕತ್ತರಿಸಿ, ಬಾಗಿಸಿ, ಅರ ಹಾಕಿ ಮಾಡಿದ್ದೆವು. ಸಾರ್ ಅವತ್ತು ಮೊಮ್ಮಗನ ಕಿವಿ ಚುಚ್ಚೋ ಶಾಸ್ತ್ರಕ್ಕೆ ಅಂತ ಊರಿಗೆ ಹೋಗಿದ್ದರು. ನಾನು ಈ ಕಿವಿಗಳನ್ನ ಚುಚ್ಚಿದೆ. ಕೈ ಡ್ರಿಲ್ಲು, 8 ಎಂಎಂ ಬಿಟ್ಟು, ನೇರವಾಗಿ.

5/16 ಇಂಚು ಅಂದರೆ 7.94 ಮಿಲಿಮೀಟರ್. ಬಿಟ್ಟೇ ದೊಡ್ಡದು, ಮೇಲೆ ಕೈ ಅಲ್ಲಾಡಿತು. ಅಳೆದರೆ ಒಂದು ಕಡೆ 8.1, ಅಡ್ಡ ಕಡೆ 8.3. ಮೊಟ್ಟೆ ಆಕಾರ. ಸರಿಯಾದ ದಾರಿ ಏನು ಅಂದರೆ, ನಿಂತ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಕಿವಿಗಳನ್ನ ಒಟ್ಟಿಗೆ ಬಿಗಿದು, ಚಿಕ್ಕ ತೂತು ಕೊರೆದು, ಕೊನೆಯ ಅರ್ಧ ಮಿಲಿಮೀಟರನ್ನ ರೀಮರ್‌ನಿಂದ ತೆಗೀಬೇಕು.

ನನ್ನ ತಲೆಗೆ ತಕ್ಷಣ ಬಂದ ಉಪಾಯ: ಇನ್ನೂ ದೊಡ್ಡದಾಗಿ 3/8ಕ್ಕೆ ರೀಮ್ ಮಾಡಿ ಎಎನ್6 ಹಾಕೋಣ. ಬೋಲ್ಟು 44 ಶೇಕಡ ಗಟ್ಟಿ ಆಗತ್ತಲ್ಲ! ಸಾರ್ ವಾಪಸ್ ಬಂದಾಗ ಹೆಮ್ಮೆಯಿಂದಲೇ ಹೇಳಿದೆ. ಅವರು ಮಾತಾಡಲಿಲ್ಲ. ತಮ್ಮ ಸೊಂಟದ ಬೆಲ್ಟ್ ಬಿಚ್ಚಿ ಕೊನೆಯ ತೂತು ತೋರಿಸಿದರು. ಹಳೇ ಬೆಲ್ಟು, ಆ ತೂತು ಎಳೆದು ಎಳೆದು ಅಂಚಿನ ತನಕ ಸೀಳಿತ್ತು. ‘ಇಲ್ಲಿ ಕಿತ್ತುಹೋಗಿದ್ದು ಬಕಲ್ ಮುಳ್ಳಾ?’ ಅಂತ ಕೇಳಿದರು.

ತೂತಿನ ನಡುವಿನಿಂದ ತಗಡಿನ ಅಂಚಿಗೆ ಬೋಲ್ಟಿನ ದಪ್ಪದ ಎರಡರಷ್ಟಾದರೂ ಜಾಗ ಇರಬೇಕು ಅನ್ನೋದು ಹಳೇ ನಿಯಮ. 5/16ಕ್ಕೆ 16 ಮಿ.ಮೀ. ಬೇಕು, ನಮ್ಮ ಕಿವಿಯಲ್ಲಿ ಅಷ್ಟೇ ಇತ್ತು. 3/8ಕ್ಕೆ 19 ಬೇಕು. ಬೋಲ್ಟು ದಪ್ಪ ಮಾಡಿದಷ್ಟೂ ಸುತ್ತಲಿನ ಉಕ್ಕು ತೆಳುವಾಗತ್ತೆ. ಬೋಲ್ಟು ಉಳಿದು ಕಿವಿ ಹರೀತದೆ. ದೊಡ್ಡದು ಹಾಕಿದರೆ ಭದ್ರ ಅನ್ನೋದು ಗೋಡೆಗೆ ಮೊಳೆ ಹೊಡೆಯೋವರ ಲೆಕ್ಕ.

ನಾನು ಕೊನೆ ಪ್ರಯತ್ನ ಮಾಡಿದೆ. ‘ಸಾರ್, 0.3 ಮಿಲಿಮೀಟರು ಅಷ್ಟೇ, ಹಾಗೇ ಎಎನ್5 ಹಾಕಿಬಿಡೋಣ, ಯಾರಿಗೂ ಕಾಣಲ್ಲ.’ ಆ ಮಾತು ಬಾಯಿಂದ ಬಂದಮೇಲೆ ನನಗೇ ಕಸಿವಿಸಿ ಆಯಿತು. ಅದಕ್ಕೆ ಕಾರಣ ಇನ್ನೊಂದು ಘಟನೆ, ಅದನ್ನ ಆ ವಾರವೇ ಓದಿದ್ದೆ.

2018ರ ಏಪ್ರಿಲ್ 4. ಅಮೆರಿಕದ ಫ್ಲೋರಿಡಾದ ಡೇಟೋನಾ ಬೀಚ್. ಪೈಲಟ್ ತರಬೇತಿಯ ಒಂದು ಪೈಪರ್ ವಿಮಾನ, ಒಳಗೆ ವಿದ್ಯಾರ್ಥಿ ಪೈಲಟ್ ಮತ್ತು ಪರೀಕ್ಷಕ. ನೆಲ ಬಿಟ್ಟು ಸ್ವಲ್ಪ ಹೊತ್ತಿಗೆ ಎಡ ರೆಕ್ಕೆ ಕಳಚಿ ಬಿತ್ತು. ಇಬ್ಬರೂ ಉಳಿಯಲಿಲ್ಲ. ತನಿಖೆಯಲ್ಲಿ ಕಂಡಿದ್ದು, ಮುಖ್ಯ ತೊಲೆಯ ಕೆಳಪಟ್ಟಿಯಲ್ಲಿ ರೆಕ್ಕೆ ಸೇರಿಸೋ ಬೋಲ್ಟಿನ ತೂತಿನ ಹತ್ತಿರದಿಂದ ಹೊರಟ ಆಯಾಸದ ಬಿರುಕು. ಬೋಲ್ಟು ಮುರಿದಿರಲಿಲ್ಲ. ತೂತಿನ ಅಂಚಿನಲ್ಲಿ ಹುಟ್ಟಿದ ಒಂದು ಕೂದಲಿನಷ್ಟು ಬಿರುಕು, ಹಾರಾಟದಿಂದ ಹಾರಾಟಕ್ಕೆ ಬೆಳೆದು, ಹೊರಗೆ ಯಾರಿಗೂ ಕಾಣದೆ ದಾಟಿಕೊಂಡು ಹೋಗಿತ್ತು. ಅಲ್ಲಿನ ಎಫ್‌ಎಎ 2021ರಲ್ಲಿ ಆ ಬಗೆಯ ಪೈಪರ್‌ಗಳ ಬೋಲ್ಟ್ ತೂತುಗಳನ್ನ ಎಡ್ಡಿ ಕರೆಂಟ್ ವಿಧಾನದಲ್ಲಿ ಪರೀಕ್ಷಿಸಿ ಅಂತ ಆದೇಶ ಹೊರಡಿಸಿತು.

ತೂತು ಯಾವತ್ತೂ ಒತ್ತಡ ಗುಡ್ಡೆ ಬೀಳೋ ಜಾಗ. ಒರಟಾದ, ಮೊಟ್ಟೆ ಆಕಾರದ ತೂತು ಅಂದರೆ ಬಿರುಕಿಗೆ ನಾವೇ ಮಣೆ ಹಾಕಿ ಕೂರಿಸಿದ ಹಾಗೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕೌಂಟ್ಸ್‌ನವಳು, ಇಂಚು ಮಿಲಿಮೀಟರು ಏನೂ ಕೇಳಲಿಲ್ಲ. ‘ರೀ, ಮೊದಲನೇ ಸಲ ನಾನೇ ಕೂರ್ತೀನಿ ಅಂತ ಮಗಳು ಹೇಳ್ಕೊಂಡು ತಿರುಗ್ತಿದ್ದಾಳಲ್ಲ, ಆ ತೂತಿಗೆ ಅವಳನ್ನ ನೇತು ಹಾಕ್ತೀರಾ?’ ಅಂದಳು.

ಸೋಮವಾರ ಸಾರ್‌ಗೆ ಫೋನ್ ಮಾಡಿದೆ. ಆರು ವಾರದ ಕೆಲಸ ಗುಜರಿಗೆ ಹೋಯಿತು. ಒಂದು ಕಿವಿಯನ್ನ ನಾನು ಇಟ್ಕೊಂಡಿದ್ದೀನಿ, ಆಫೀಸಿನ ಮೇಜಿನ ಮೇಲೆ ಪೇಪರ್‌ವೇಟ್ ಆಗಿದೆ. ಹೊಸದು ಮಾಡೋಕೆ ಎಂಟು ವಾರ ಹಿಡೀತು.

ಕೊನೆಗೆ ಹಾಕಿದ್ದು

ಬರ್ಕೊಳ್ಳೋವರಿಗೆ ಚಿಕ್ಕದಾಗಿ ಹೇಳ್ತೀನಿ. ಬೋಲ್ಟು ಎಎನ್5, ಸ್ಪ್ಲಿಟ್ ಪಿನ್ನಿಗೆ ತೂತಿರೋದು. ಗ್ರಿಪ್ ತಗಡಿನ ದಪ್ಪಕ್ಕೆ ಹೊಂದಿಸಿ ಆರಿಸಿದ್ದು. ನಟ್ಟು ಕಿರೀಟದ ಥರ ಹಲ್ಲಿರೋ ಕ್ಯಾಸಲ್ ನಟ್, ಅದಕ್ಕೆ ಸ್ಪ್ಲಿಟ್ ಪಿನ್. ನೈಲಾನ್ ಉಂಗುರದ ನಟ್ಟು ಬೇರೆ ಕಡೆ ಚೆನ್ನಾಗಿ ಕೆಲಸ ಮಾಡತ್ತೆ, ಆದರೆ ಬೋಲ್ಟು ತಿರುಗೋ ಸಂಭವ ಇರೋ ಕೀಲಿಗೆ ಅದು ಸಲ್ಲ. ಸ್ಟ್ರಟ್ ತುದಿ ಸ್ವಲ್ಪವಾದರೂ ಆಡತ್ತೆ.

ಬಿಗಿಯೋದಕ್ಕೂ ಅಳತೆ ಇದೆ. 5/16ರ ಮಾಮೂಲಿ ಕ್ಯಾಸಲ್ ನಟ್ಟಿಗೆ ಪಟ್ಟಿಯಲ್ಲಿ 100ರಿಂದ 140 ಇಂಚ್-ಪೌಂಡ್ ಅಂತ ಇದೆ. ಆದರೆ ಕಿವಿಗಳ ನಡುವೆ ನಾಲಿಗೆ ಇರೋ ಕೀಲನ್ನ ಅಷ್ಟು ಬಿಗಿದರೆ ಕಿವಿ ಒಳಗೆ ಬಾಗಬಹುದು. ಅದಕ್ಕೆ ನಕ್ಷೆ ಏನು ಹೇಳತ್ತೋ ನೋಡಿ. ತೋಳಿನ ಅಂದಾಜು ಬೇಡ, ಟಾರ್ಕ್ ವ್ರೆಂಚ್ ಬೇಕು. ಬಿಗಿದ ಮೇಲೆ ನಟ್ಟಿನಿಂದ ತಗಡಿಗೆ ಒಂದು ಬಣ್ಣದ ಗೆರೆ ಎಳೀತೀವಿ. ಗೆರೆ ತುಂಡಾಗಿ ಕಂಡರೆ ನಟ್ಟು ಅಲ್ಲಾಡಿದೆ ಅಂತ ಅರ್ಥ.

ಎಫ್‌ಎಎಯ ಎಸಿ 43.13-1ಬಿ ಅನ್ನೋ ಕೈಪಿಡಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗತ್ತೆ. ಬೋಲ್ಟು, ನಟ್ಟು, ಅಂಚಿನ ದೂರ, ಬಿಗಿಯೋ ಅಳತೆ ಎಲ್ಲ ಅದರಲ್ಲಿದೆ. ವಿಮಾನ ಕಟ್ಟದಿದ್ದರೂ ಓದಿ.

ಪ್ರಶ್ನೆಗಳು

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಚೆನ್ನೈನ ಉಪ್ಪುಗಾಳಿಗೆ ಎಲ್ಲ ತುಕ್ಕು ಹಿಡಿಯತ್ತೆ, ನಮ್ಮ ಬಾಲ್ಕನಿ ಗ್ರಿಲ್ಲೇ ಎರಡು ವರ್ಷಕ್ಕೆ ಹೋಯಿತು. ಸ್ಟೇನ್‌ಲೆಸ್ ಸ್ಟೀಲ್ ಹಾಕಬಾರದಾ?

ಒಳ್ಳೇ ಪ್ರಶ್ನೆ, ನಾನೂ ಕೇಳಿದ್ದೆ. ಅಂಗಡಿಯಲ್ಲಿ ಸಿಗೋ ಎ2-70 ಸ್ಟೇನ್‌ಲೆಸ್ ಬೋಲ್ಟು 700 ಮೆಗಾಪಾಸ್ಕಲ್‌ಗೆ ಮುರಿಯತ್ತೆ, ಅದಕ್ಕೆ ಬಹಳ ಮುಂಚೆ 450ಕ್ಕೇ ಶಾಶ್ವತವಾಗಿ ಹಿಗ್ಗೋಕೆ ಶುರುವಾಗತ್ತೆ. ಮರೆಯೂ ಕಚ್ಚಿಕೊಳ್ಳತ್ತೆ. ಅಲ್ಯೂಮಿನಿಯಂ ಜೊತೆ ಉಪ್ಪುನೀರು ಸೇರಿದರೆ ಬೋಲ್ಟು ಹೊಳೀತಾ ಇರತ್ತೆ, ಪಕ್ಕದ ಅಲ್ಯೂಮಿನಿಯಂ ಸವೆದು ಪುಡಿಯಾಗತ್ತೆ. ಎಎನ್ ಬೋಲ್ಟಿನ ಮೇಲೆ ಕ್ಯಾಡ್ಮಿಯಂ ಲೇಪ ಇರೋದು ಅದಕ್ಕೇ, ಅದು ಅಲ್ಯೂಮಿನಿಯಂ ಜೊತೆ ಹೊಂದಿಕೊಳ್ಳತ್ತೆ. ಆ ಲೇಪಕ್ಕೆ ಗೀರು ಬೀಳದ ಹಾಗೆ ಬೋಲ್ಟನ್ನ ಹಿಡಿದು ನಟ್ಟು ತಿರುಗಿಸಬೇಕು. ಆಮೇಲೆ ಗ್ರೀಸು, ಮತ್ತೆ ಕಾಲಕಾಲಕ್ಕೆ ಬಿಚ್ಚಿ ನೋಡೋದು. ಸಮುದ್ರದ ಪಕ್ಕ ಇದಕ್ಕೆ ಪರ್ಯಾಯ ಇಲ್ಲ.

ಇನ್ನೊಬ್ಬರು: ಇಷ್ಟೆಲ್ಲ ಆದಮೇಲೆ ಹಾರೋದು ಯಾವಾಗ?

ಗೊತ್ತಿಲ್ಲ ಕಣ್ರೀ. ಎಡ ರೆಕ್ಕೆ ಸೇರಿದೆ, ಬಲ ರೆಕ್ಕೆಗೆ ಬಟ್ಟೆ ಹೊದಿಸೋದು ಬಾಕಿ ಇದೆ, ಕಾಗದ ಪತ್ರದ ಕೆಲಸ ವಿಮಾನಕ್ಕಿಂತ ಉದ್ದ ಇದೆ. ಮಗಳಿಗೆ ಈಗ ಹನ್ನೆರಡು. ಅವಳು ಲೈಸೆನ್ಸ್ ತಗೊಂಡು ನನ್ನನ್ನೇ ಕೂರಿಸ್ಕೊಂಡು ಹೋಗೋ ಹೊತ್ತಿಗೆ ಆಗಬಹುದು.

ಆದರೆ ಹೋದ ಶನಿವಾರ ಒಂದು ವಿಷಯ ಆಯಿತು, ಅದನ್ನ ಹೇಳಿ ಮುಗಿಸ್ತೀನಿ. ಹೊಸ ಕಿವಿ, ರೀಮ್ ಮಾಡಿದ ತೂತು. ಸಾರ್ ಬೋಲ್ಟಿಗೆ ಚೂರು ಗ್ರೀಸು ಸವರಿ ನನ್ನ ಕೈಗೆ ಕೊಟ್ಟರು. ಸುತ್ತಿಗೆ ಬೇಕಾಗಲಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಹಿಡಿತ ಕೊಟ್ಟುಕೊಂಡು ನಿಧಾನವಾಗಿ ಒಳಗೆ ಹೋಯಿತು, ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ನಾನು ಡೈರಿ ತೆಗೆದು ಬರೆದೆ: ಎಡ ಸ್ಟ್ರಟ್, ಮೇಲಿನ ಕೀಲು, ಬ್ಯಾಚ್ ಸಂಖ್ಯೆ ಇಷ್ಟು, ಬಿಗಿದದ್ದು ಇಷ್ಟು, ಬಿಗಿದವನು ನಾನು. ಕೆಳಗೆ ಸಹಿ ಹಾಕಿದೆ. ಆಫೀಸಿನಲ್ಲಿ ದಿನಕ್ಕೆ ಹತ್ತು ಕಡೆ ಅಪ್ರೂವ್ ಒತ್ತುತೀನಿ, ಆದರೆ ಈ ಸಹಿ ಹಾಕುವಾಗ ಕೈ ಸ್ವಲ್ಪ ನಡುಗಿತು.

ಸಾರ್ ಆ ಪುಟ ಓದಿ, ತಲೆ ಆಡಿಸಿ, ‘ಟೀ ಸಾಪ್ಪಿಡಲಾಮಾ ತಂಬಿ?’ ಅಂದರು. ನೀವೂ ಬನ್ನಿ, ಹೊರಗೆ ಕಾಫಿ ಇಟ್ಟಿದ್ದಾರೆ. ಶೆಡ್ಡು ನೋಡಬೇಕು ಅನ್ನೋವರು ಯಾವ ಶನಿವಾರವಾದರೂ ಹೇಳಿ. ರೀಮರ್ ಹಿಡಿಯೋಕೆ ಇನ್ನೊಂದು ಜೊತೆ ಕೈ ಬೇಕಾಗಿದೆ.